ಕೊಳವೆಯ ಒಳಮೈ

ಮಾರ್ಚ್ 4, ಸಂಜೆ

ಇವತ್ತೂ ಕಾರ್ಖಾನೆಗೆ ಹೋಗಿ ಬಂದೆ. ಕ್ಲ್ಯಾಂಪ್ ಬಿಗಿದೆ, ಸೆನ್ಸರ್ ಕೂರಿಸಿದೆ. ಇವರ ವೆಲ್ಡಿಂಗ್ ಮೇಜಿನ ಮುಂದೆ ಈಗ ಮೈದುನ ಕೂರುತ್ತಾನೆ. ಅತ್ತ ನೋಡದೆ ಕೆಲಸ ಮಾಡುವುದು ರೂಢಿಯಾಗಿದೆ.

ಕೆಂಪು ಸ್ಪೋರ್ಟ್ಸ್ ಕಾರು ಹೊಗೆ ಪರೀಕ್ಷೆಯಲ್ಲಿ ಮತ್ತೆ ಫೇಲ್. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ಸ್ವಲ್ಪ ಹೊತ್ತು ಹೊಗೆ ಕೊಳಕು. ಆಮೇಲೆ ಶುದ್ಧ. ಪರೀಕ್ಷೆಯವರು ಬಿಡುತ್ತಾರೆಯೇ?

ಎಲ್ಲೋ ಗಾಳಿ ಎಳೆಯುತ್ತಿದೆ, ಬೆಸುಗೆ ಸರಿಯಿಲ್ಲ ಎಂದು ಯಾರೋ ಅಂದರು. ಎಂಜಿನ್ ಪಕ್ಕದ ಟರ್ಬೊದಿಂದ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್‌ವರೆಗಿನ ಆ ಕೊಳವೆ ಇವರ ಕೊನೆಯ ಕೆಲಸ. ಅದೇ ವಾರ ಆಸ್ಪತ್ರೆ ಸೇರಿದವರು ಮನೆಗೆ ಮರಳಲೇ ಇಲ್ಲ...



ಮಾರ್ಚ್ 5

ಸ್ಮೋಕ್ ಟೆಸ್ಟ್ ನಾನೇ ಮಾಡುತ್ತೇನೆಂದು ಕೇಳಿಕೊಂಡೆ. ಎರಡೂ ತುದಿ ಮುಚ್ಚಿ, ಒಳಗೆ ಹೊಗೆ ತುಂಬಿಸಿ, ಟಾರ್ಚ್ ಹಿಡಿದು ಬೆಸುಗೆಯ ಸುತ್ತ ನೋಡಿದೆ. ಒಂದೆಳೆಯೂ ಆಚೆ ಬರಲಿಲ್ಲ.

"ಅತ್ತಿಗೆ, ಸಿಗರೇಟು ಬಿಟ್ಮೇಲೆ ಅಣ್ಣನ ಹತ್ರ ಹೊಗೇನೇ ಸುಳೀತಿರ್ಲಿಲ್ಲ. ಅಲ್ಲಿ ಹೋಗಿ ಹುಡುಕ್ತಿದೀರಲ್ಲ!" ಎಂದ ಮೈದುನ.

ನಕ್ಕೆ. ಎಷ್ಟು ದಿನವಾಗಿತ್ತೋ.

ಮಾರ್ಚ್ 9

ಡಿಸೈನ್ ಮೇಡಂ ಕೆಳಗೆ ಬಂದರು. ಎಲ್ಲರೆದುರೇ ಹೇಳಿದರು: "ತಪ್ಪು ಬೆಸುಗೇದಲ್ಲ, ನಂದು. ಕ್ಯಾಟಲಿಸ್ಟ್ ದೂರ ಇಟ್ಬಿಟ್ಟೆ. ಬಿಸಿಯೆಲ್ಲ ಟರ್ಬೊ ಹೀರ್ಕೊಳ್ಳತ್ತೆ, ಉಳಿದಿದ್ದು ದಾರೀಲಿ ಆರಿಹೋಗತ್ತೆ. ಕ್ಯಾಟಲಿಸ್ಟ್ ಕಾಯದೆ ಹೊಗೆ ಶುದ್ಧ ಆಗಲ್ಲ."

ಕ್ಯಾಟಲಿಸ್ಟನ್ನು ಎಂಜಿನ್ನಿಗೆ ಹತ್ತಿರ ತರಬೇಕು. ಆದರೆ ಹೊಗೆಗೆ ಅಡ್ಡವಾದರೆ ಕಾರಿನ ಜೋರು ಹೋಗುತ್ತದೆ. ಅದಕ್ಕೇ ಕೊಳವೆಗೆ ಮೆಲ್ಲಗೆ ಅಗಲವಾಗುವ ಬಾಯಿ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಒಂದೇ ಎಳೆತಕ್ಕೆ ಬರೆದರು. ಎಷ್ಟು ಚೆಂದ! ಹೊಗೆಯೆಂದರೆ ಆಚೆ ತಳ್ಳುವ ಕಸವೆಂದುಕೊಂಡಿದ್ದೆ. ಅದಕ್ಕೂ ಇಷ್ಟು ಅಕ್ಕರೆಯಿಂದ ದಾರಿ ಮಾಡುವವರಿದ್ದಾರೆ.

ಆಮೇಲೆ ಅಂದರು — ಈ ಕೊಳವೆ ಕೊಯ್ದು ಗಿಡ್ಡ ಮಾಡಬೇಕು.

"ನನ್ ಕೈಲಾಗಲ್ಲ. ಅಣ್ಣಂದು," ಎಂದು ಮೈದುನ ಎದ್ದೇ ಹೋದ.

ಮೇಡಂ ನನ್ನ ಕಡೆ ತಿರುಗಿ, "ಬೇಡ ಅಂದ್ರೆ ಹೊಸದೇ ಮಾಡಿಸ್ತೀನಮ್ಮ. ಈ ಸಲದ ಪರೀಕ್ಷೆ ತಪ್ಪತ್ತೆ ಅಷ್ಟೆ," ಎಂದರು.

ತಪ್ಪಿದರೆ ಕಾರಿನ ತಯಾರಿಯೇ ನಿಂತುಹೋಗಬಹುದಂತೆ. ಅದನ್ನು ಅವರು ಹೇಳಲಿಲ್ಲ, ಬೇರೆಯವರು ಹೇಳಿದರು.

ನಾಳೆ ಹೇಳುತ್ತೇನೆಂದು ಬಂದೆ.

ಮಾರ್ಚ್ 10

ನಾನೇ ಕೊಯ್ದೆ. ಬೆಸುಗೆಯ ಪಕ್ಕದಲ್ಲೇ.

ಮಸಿ ಒರೆಸಿ ಒಳಗೆ ನೋಡಿದೆ. ಹೊರಗಿನ ಬೆಸುಗೆಯನ್ನು ಎಲ್ಲರೂ ನೋಡಿದ್ದಾರೆ. ಈ ಒಳಮೈಯನ್ನು ಇವರೂ ಸರಿಯಾಗಿ ನೋಡಿರಲಾರರು. ಅಲ್ಲೂ ಹಾಗೇ — ಸಣ್ಣಸಣ್ಣ ಅಲೆ, ಒಂದೇ ಸಮ, ಎಲ್ಲೂ ಗಂಟಿಲ್ಲ, ಕರಕಲಿಲ್ಲ. ಬೆಸುಗೆಗೆ ಮುಂಚೆ ಕೊಳವೆಯೊಳಗೆ ಆರ್ಗಾನ್ ಅನಿಲ ಬಿಟ್ಟು, ಗಾಳಿಯೆಲ್ಲ ಹೊರಬೀಳಲೆಂದು ಕೈಕಟ್ಟಿ ಕೂರುತ್ತಿದ್ದರು. ಟೈಮ್ ವೇಸ್ಟ್ ಎಂದು ರೇಗಿಸುತ್ತಿದ್ದೆ.

ಮೇಡಂ ಬೆರಳಾಡಿಸಿದರು. "ಒಳಗೂ ಹೀಗೇನಾ!"

"ಮುಗೀತು. ಇನ್ಮೇಲೆ ಎಲ್ರೂ ಒಳಗೂ ನೋಡ್ತಾರೆ, ನಂಗೆ ಉಳಿಗಾಲ ಇಲ್ಲ," ಎಂದ ಮೈದುನ. ಕಣ್ಣು ಒರೆಸಿಕೊಂಡು, ಆ ತುಂಡನ್ನು ಎದುರಿಗಿಟ್ಟುಕೊಂಡೇ ಹೊಸ ಬೆಸುಗೆಗೆ ಕೂತ.

ಮಾರ್ಚ್ 17

ತಣ್ಣನೆಯ ಸ್ಟಾರ್ಟ್. ಎಲ್ಲರ ಕಣ್ಣೂ ಸ್ಕ್ರೀನಿನ ಮೇಲೆ. ಹೊಗೆಯ ಕೊಳಕು ತೋರಿಸುವ ಗೆರೆ ಏರಿತು, ಏರಿತು... ಆಮೇಲೆ ಜಾರಿದಂತೆ ಕೆಳಗಿಳಿಯಿತು. ಪಾಸ್! ಮೇಡಂ ನನ್ನನ್ನು ತಬ್ಬಿಕೊಂಡರು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೂಗಿದೆ: "ರೀ, ಪಾಸಾಯ್ತು ಕಣ್ರೀ!"

ಜೋರಾಗಿಯೇ ಕೂಗಿದೆ. ಆಮೇಲೆ —