ಡಾಕ್ಟರು ಎಳೆದ ಗೆರೆ

ಆಗಸ್ಟ್ ೧೨, ಮಂಗಳವಾರ. ಡೊಂಬಿವಲಿ

ಈ ಮನೆಯಲ್ಲಿ ನನ್ನ ಕೈಯೂ ನನ್ನದಲ್ಲ. ನನಗೆ ನಿದ್ದೆ ಹತ್ತಿದರೆ ಸಾಕು, ಯಾರು ಬೇಕಾದರೂ ಬಂದು ಮುಟ್ಟಬಹುದು.

ಭಾನುವಾರ ಬಂಗುಡೆ ಮೀನು ಕೊಯ್ಯುವಾಗ ಎಡಗೈ ಹೆಬ್ಬೆರಳಿಗೆ ಮುಳ್ಳು ಚುಚ್ಚಿತ್ತು. ನಿನ್ನೆ ಬೆರಳು ಕೆಂಪಾಯಿತು. ಇವತ್ತು ಬೆಳಿಗ್ಗೆ ಕೆಂಪು ಮಣಿಕಟ್ಟಿನ ತನಕ ಬಂದಿತ್ತು. ಸ್ಟೇಷನ್ ಹತ್ತಿರದ ಡಾಕ್ಟರು ಮಾತ್ರೆ ಕೊಟ್ಟು, ಕೆಂಪು ನಿಂತಲ್ಲಿ ಬಾಲ್‌ಪೆನ್ನಿನಿಂದ ಸುತ್ತ ಗೆರೆ ಎಳೆದರು. "ಯೇ ಲೈನ್ ಕೇ ಬಾಹರ್ ಗಯಾ ತೋ ಸೀದಾ ಅಡ್ಮಿಟ್" ಎಂದರು. ಕೆಂಪು ಗೆರೆ ದಾಟಿದರೆ ನೇರ ಆಸ್ಪತ್ರೆಗೆ ಸೇರಬೇಕಂತೆ.

ಮನೆಗೆ ಬಂದು ಅತ್ತೆಗೆ ಇದನ್ನೇ ಹೇಳಿದೆ. "ನಾಗದೋಷ ಅದು ಸೌಜನ್ಯ, ಗೆರೆ ಎಳೆದ್ರೆ ಹೋಗ್ತದಾ?" ಎಂದರು.

"ಚುಚ್ಚಿದ್ದು ಬಂಗುಡೆ ಮಾಮಿ, ನಾಗ ಅಲ್ಲ" ಎಂದೆ. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಆಗಲೇ ನನಗೆ ಗೊತ್ತಾಗಬೇಕಿತ್ತು.

ಮಧ್ಯಾಹ್ನ ಜ್ವರದ ಮಂಪರಿನಲ್ಲಿ ಮಲಗಿದ್ದೆ. ಏಳುವಾಗ ಕೈಯಿಡೀ ಅರಸಿನ, ತೆಂಗಿನೆಣ್ಣೆ. ಒರೆಸಿ ನೋಡಿದರೆ ಗೆರೆಯೇ ಇಲ್ಲ! ಕೆಂಪು ಎಲ್ಲಿತ್ತು, ಈಗ ಎಲ್ಲಿಗೆ ಬಂದಿದೆ, ಯಾರನ್ನು ಕೇಳಲಿ? ಹೋಟೆಲ್ ಕೆಲಸದಿಂದ ಊಟಕ್ಕೆ ಮನೆಗೆ ಬಂದಿದ್ದ ನನ್ನ ಗಂಡ ಪಕ್ಕದಲ್ಲೇ ಅರಸಿನದ ಬಟ್ಟಲು ಹಿಡಿದು ಕೂತಿದ್ದರಂತೆ. "ಅಮ್ಮ ಪ್ರೀತಿಯಿಂದ ಹಚ್ಚಿದ್ದು ಮಾರಾಯ್ತಿ, ಬೊಬ್ಬೆ ಯಾಕೆ?" ಎಂದು ನನ್ನನ್ನೇ ಕೇಳುತ್ತಾರೆ. ಅಡ್ಮಿಟ್ ಆಗುವುದು ಯಾರು, ಪ್ರೀತಿಯಾ?

ಈಗ ಇದೇ ಪೆನ್ನಿನಿಂದ ಅಂದಾಜಿಗೆ ಹೊಸ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದುಕೊಂಡಿದ್ದೇನೆ: ಒಂಬತ್ತೂವರೆ. ಇವತ್ತು ನಿದ್ದೆ ಮಾಡುವುದಿಲ್ಲ. ಹೊರಗೆ ಹಾಲ್‌ನಲ್ಲಿ ಅತ್ತೆ ಊರಿನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಾರೆ: "ಅರಸಿನ ಹಚ್ಚಿದ್ದೇ ಹಚ್ಚಿದ್ದು, ಡಾಕ್ಟರ ಗೆರೆಯೇ ಮಾಯ. ಗುಣ ಆಯ್ತು ನೋಡು."