ಉಜ್ಜಿದ ಪೆನ್ನಿ

ಮಾರ್ಚ್ ೩, ಬೆಳಿಗ್ಗೆ ೧೧
ನಲವತ್ತು ಹಳೆ ಬ್ರಿಟಿಷ್ ಪೆನ್ನಿ ನಾಣ್ಯ ನೋಡಿದ್ದಾಯಿತು. ಎಲ್ಲ ಸವೆದವು. ರಾಣಿಯ ತಲೆ ಬೋಳು, ಕೂದಲ ಗೆರೆ ಒಂದೂ ಉಳಿದಿಲ್ಲ. ತೂಕಕ್ಕೆ ಹಾಕುವ ಮಾಲು. ಆಮೇಲೆ ಮೊನ್ನೆ ಒಬ್ಬ ಕ್ಷೌರಿಕ ಮಾರಿಹೋದ ಡಬ್ಬಿಯಲ್ಲಿ ಒಂದು ಸಿಕ್ಕಿತು... ಗೆರೆ ಗೆರೆಯೂ ನಿಂತಿದೆ. ಹಳೆಯ ಕಂದು ಬಣ್ಣ ಹಾಗೇ ಇದೆ. ಇಸವಿಯ ಕೆಳಗೆ ಸಾಸಿವೆಯಷ್ಟು ಮಿಂಟ್ ಮಾರ್ಕ್, ಟಂಕಸಾಲೆಯ ಗುರುತಿನ ಅಕ್ಷರ, ಇರುವ ಹಾಗಿದೆ — ಕಿಲುಬು ಮುಚ್ಚಿಕೊಂಡಿದೆ. ಆ ಅಕ್ಷರದ ಟಂಕಸಾಲೆಯಲ್ಲಿ ಆ ವರ್ಷ ಅಚ್ಚಾದದ್ದು ತೀರ ಕಡಿಮೆ. ಅಕ್ಷರ ಇದ್ದರೆ ಒಂದು ಕಾರಿನ ಬೆಲೆ. ಇಲ್ಲದಿದ್ದರೆ ಒಂದು ಚಹಾದ್ದು.

ಅಣ್ಣನಿಗೆ ತೋರಿಸಿದೆ. ನಾಣ್ಯದ ಅಂಗಡಿ ಅವನದು, ನೋಡುವ ಕಣ್ಣು ನನ್ನದು.

"ಗುರುವಾರ ಕೊಳ್ಳೋ ಪಾರ್ಟಿ ಬರ್ತಾರೆ. ಅಲ್ಲೀವರೆಗೂ ಮುಟ್ಬೇಡ. ಮುಟ್ಟಿದ್ರೆ ಚರ್ಮ ಸುಲೀತೀನಿ."

ಬರೀ ಮಾತಲ್ಲ. ಹೋದ ವರ್ಷದ ಏಟಿಗೆ ನನ್ನ ಎಡಗಿವಿ ಹೋಗಿದೆ.

ಮಾರ್ಚ್ ೪, ಮಧ್ಯಾಹ್ನ
ಎಂಥ ಕೆಲಸ ಮಾಡಿಬಿಟ್ಟೆ! ಹದಿನೆಂಟು ವರ್ಷದ ಅನುಭವ. ಬಂದವರಿಗೆಲ್ಲ ನಾನೇ ಹೇಳುವುದು — ಹಳೆ ನಾಣ್ಯ ತೊಳೆಯಬೇಡಿ, ಉಜ್ಜಬೇಡಿ, ಹೊಳಪು ಬಂದರೆ ಬೆಲೆ ಹೋಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅಕ್ಷರ ಕಾಣಲಿ ಎಂದು ಕಿಲುಬಿನ ಮೇಲೆ ಒಂದು ಹನಿ ಪಾಲಿಷ್. ಅಕ್ಷರ ಕಂಡಿತು. ಖುಷಿಗೆ ಕೈ ನಿಲ್ಲಲಿಲ್ಲ... ಈಗ ಇಸವಿಯ ಸುತ್ತ ಬೆಳಗಿದ ಚೊಂಬಿನ ಹಾಗೆ ಮಿಂಚುತ್ತಿದೆ. ಭೂತಗನ್ನಡಿಯಲ್ಲಿ ಬರೀ ಗೀರು.

ಡ್ರಾಯರಿನಲ್ಲಿ ಇಟ್ಟು ಸುಮ್ಮನಾದೆ. ಹೇಡಿ ನಾನು.

ಮಾರ್ಚ್ ೬
ಪಾರ್ಟಿ ಒಂದೇ ಸಲ ನೋಡಿ ಕೆಳಗಿಟ್ಟರು. "ಉಜ್ಜಿಬಿಟ್ಟಿದ್ದೀರಲ್ಲ ಸ್ವಾಮಿ." ಎದ್ದು ಹೋದರು.

ಅಣ್ಣ ಶಟರ್ ಎಳೆದ. "ಯಾರು?"

ನಾನು ಬಾಯಿ ತೆಗೆಯುವ ಮೊದಲೇ, ಮಹಡಿ ಮನೆಯಿಂದ ಚಹಾ ಲೋಟ ಒಯ್ಯಲು ಬಂದಿದ್ದ ಅತ್ತಿಗೆ ಹೇಳಿದರು. "ನಾನೇ ರೀ. ಕೊಳೆಯಾಗಿದೆ ಅಂತ ತೊಳೆದೆ."

ಅವರ ಬಲಗೈಯನ್ನು ಕಬ್ಬಿಣದ ಡ್ರಾಯರಿಗೆ ತುರುಕಿ ಒದ್ದು ಮುಚ್ಚಿದ. ಎರಡು ಸಲ. ಬೆರಳು ಮುರಿದ ಸದ್ದು ಕೇಳಿಸಿತು. ಕುಸಿದವರ ಕೂದಲು ಹಿಡಿದು ಮುಖವನ್ನು ಗೋಡೆಗೆ ಬಡಿದ. ನಾನು ನಾಣ್ಯದ ಟ್ರೇ ಹಿಡಿದು ನಿಂತಿದ್ದೆ. ನಿಂತೇ ಇದ್ದೆ.

ಮಾರ್ಚ್ ೧೩
ಮೂರು ಬೆರಳು. ಪ್ಲಾಸ್ಟರ್ ಹಾಕಿದ್ದಾರೆ. ಬಾಗಿಲಿಗೆ ಸಿಕ್ಕಿತು ಅಂತ ಡಾಕ್ಟರಿಗೆ ಹೇಳಿದರಂತೆ. ಯಾಕೆ ಅತ್ತಿಗೆ ಅಣ್ಣನ ಹತ್ರ ಸುಳ್ಳು ಹೇಳಿದ್ರಿ ಎಂದು ಕೇಳಿದೆ.

"ನಿನಗೆ ಉಳಿದಿರೋದು ಒಂದೇ ಕಿವಿ ಕಣೋ."

ನಗಲು ಹೋಗಿ ಅವರ ಗಾಯದ ತುಟಿ ಮತ್ತೆ ಬಿರಿದು ರಕ್ತ ಬಂತು. ನಾನು ಅತ್ತುಬಿಟ್ಟೆ.

ಮಾರ್ಚ್ ೧೪, ಸಂಜೆ ೪
ಹೇಳಿಬಿಟ್ಟೆ. "ಅಣ್ಣ, ಉಜ್ಜಿದ್ದು ನಾನು. ಅತ್ತಿಗೆ ಅಲ್ಲ." ಏಟಿಗೆ ಕಾದೆ. ಅವನು ಕತ್ತೆತ್ತಲಿಲ್ಲ.

"ಗೊತ್ತು. ಪಾಲಿಷ್ ವಾಸನೆ ನಿನ್ನ ಕೈಲಿತ್ತು."

"ಮತ್ತೆ ಅವರನ್ನ ಯಾಕೆ..."

"ನಿನ್ನ ಬೆರಳು ಮುರಿದ್ರೆ ನಾಣ್ಯ ನೋಡೋರು ಯಾರೋ, ಪೆದ್ದ? ನಿನಗೆ ಬುದ್ಧಿ ಬಂತಲ್ಲ, ಸಾಕು. ಇನ್ನೊಂದು ಸಲ ತಪ್ಪು ಮಾಡು, ಅವಳಿಗೆ ಇನ್ನೊಂದು ಕೈ ಇದೆ."

ಟ್ರೇ ನನ್ನ ಕಡೆಗೆ ತಳ್ಳಿದ. ಕೂತು ಕೆಲಸ ಮಾಡಿದೆ. ಒಂದು ನಾಣ್ಯವೂ ಕಣ್ಣಿಗೆ ಕಾಣಲಿಲ್ಲ.

ಮಾರ್ಚ್ ೧೫, ಬೆಳಿಗ್ಗೆ ೧೧:೪೦, ಬಸ್ಸಿನಲ್ಲಿ
ಅತ್ತಿಗೆಯ ಅಕ್ಕನ ಊರಿಗೆ ಎರಡು ಟಿಕೆಟ್. ಅಣ್ಣ ಬ್ಯಾಂಕಿಗೆ ಹೋದ ಹೊತ್ತು ನೋಡಿ ಹೊರಟೆವು. ಬೇಗ ಬಂದುಬಿಟ್ಟ. ಮೆಟ್ಟಿಲ ಮೇಲೆ ಎದುರಾದ. ಪ್ಲಾಸ್ಟರ್ ಹಾಕಿದ ಕೈಯನ್ನೇ ಹಿಡಿದು ತಿರುಚಿದ. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಕೋಲು ಗೋಡೆಗೆ ಒರಗಿತ್ತು. ಮೊದಲು ಮಂಡಿಗೆ ಹೊಡೆದೆ. ಬಿದ್ದ. ಆಮೇಲೆ ತಲೆಗೆ. ಎಷ್ಟು ಎಂದು ಗೊತ್ತಿಲ್ಲ. "ಸಾಕು ಕಣೋ, ಸಾಕು" ಎಂದು ಅತ್ತಿಗೆ ಕೂಗುತ್ತಿದ್ದರು. ಕೇಳಿಸಿತು. ನಿಲ್ಲಿಸಲಿಲ್ಲ — ಹಿತವಾಗಿತ್ತು. ಅವನನ್ನು ಮೆಟ್ಟಿಲ ಮೇಲೇ ಬಿಟ್ಟು ಬಸ್ಸು ಹತ್ತಿದೆವು.

ಈಗ ಅತ್ತಿಗೆ ಪಕ್ಕದಲ್ಲೇ ಕೂತಿದ್ದಾರೆ. ಕಿಟಕಿಗೆ ಅಂಟಿಕೊಂಡಿದ್ದಾರೆ. ಇನ್ನು ಹೆದರಬೇಡಿ ಅತ್ತಿಗೆ ಎನ್ನಲು ಕೈ ಚಾಚಿದೆ. ಮುಖಕ್ಕೆ ಪ್ಲಾಸ್ಟರ್ ಕೈ ಅಡ್ಡ ಹಿಡಿದುಕೊಂಡರು... ನನಗೆ. ಅಣ್ಣನಿಗೆ ಹಿಡಿಯುತ್ತಿದ್ದ ಹಾಗೆಯೇ. ನಾನೂ ಈಗ ಅವನೇ...