ಯಾವ ವಾರ್ಡಿನಿಂದಲೂ ಬಾರದ ಪ್ರಶ್ನೆ

ತಿಪಟೂರು
12 ನವೆಂಬರ್ 2006

ಪ್ರೀತಿಯ ವನಜಾ,

ಹೇಗಿದ್ದೀಯ? ಅತ್ತೆ, ಮಾವ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ತಡಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ನಿಮ್ಮಣ್ಣ ಜುಂಜೇಶನ ಮೊಬೈಲಿಗೆ ಫೋನ್ ಮಾಡಬಹುದಿತ್ತು. ಆದರೆ ನಿನ್ನ ತವರಿನ ಹಟ್ಟಿಯಲ್ಲಿ ಸಿಗ್ನಲ್ ಸಿಗಬೇಕಾದರೆ ನೀನು ದೇವಸ್ಥಾನದ ಕಟ್ಟೆ ಹತ್ತಬೇಕು, ಅಲ್ಲಿ ಕೂತವರೆಲ್ಲ ಕಿವಿ ಕೊಡುತ್ತಾರೆ. ಹಾಗೆ ಮಾತಾಡಿದಾಗೆಲ್ಲ ಊಟ ಆಯಿತಾ ಅನ್ನುವುದು ಬಿಟ್ಟು ನಾವು ಬೇರೇನು ಹೇಳಿಕೊಂಡಿದ್ದೇವೆ?

ಇಲ್ಲಿ ನಮ್ಮ ಆಸ್ಪತ್ರೆಯ ಲೈಬ್ರರಿಯಲ್ಲಿ ದೊಡ್ಡ ಬದಲಾವಣೆ ಆಗುತ್ತಿದೆ. ಯಾವ ಕಾಯಿಲೆಗೆ ಯಾವ ಔಷಧಿ, ಎಷ್ಟು ಡೋಸು ಎಂದು ಡಾಕ್ಟರುಗಳು ನೋಡುವ ಸಿ.ಡಿ.ಗಳು ಪೋಸ್ಟಿನಲ್ಲಿ ಬರುತ್ತಿದ್ದವಲ್ಲ, ಅವನ್ನು ನಿಲ್ಲಿಸಿ ಇಂಟರ್‌ನೆಟ್ಟಿನಲ್ಲಿ ನೋಡುವ ಬೇರೆಯದನ್ನು ತರಿಸೋಣ ಎಂದು ಮಾತು ಬಂತು. ನಮ್ಮ ಹಿರಿಯ ಡಾಕ್ಟರು ಮಲ್ಲಿಕಾರ್ಜುನಯ್ಯನವರಿಗೆ ಮೊದಲು ಮನಸ್ಸಿರಲಿಲ್ಲ. ಈ ಊರಿನ ಕರೆಂಟು, ಫೋನ್ ಲೈನು ನಂಬಿಕೊಂಡು ರೋಗಿಗೆ ಔಷಧಿ ಬರೆಯುವುದು ಹೇಗೆ ಎಂದರು. ಕೊನೆಗೆ ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು ನೋಡುವುದೆಂದಾಯಿತು. ವಾರ್ಡುಗಳಿಂದ ಬರುವ ಪ್ರಶ್ನೆಗಳನ್ನು ಎರಡರಲ್ಲೂ ಹುಡುಕಿ, ಯಾವುದು ಏನು ಹೇಳುತ್ತದೆ ಎಂದು ತಾಳೆ ನೋಡುವ ಕೆಲಸ ನನ್ನದು. ಹಾವು ಕಡಿತ, ತೆಂಗಿನ ಮರದಿಂದ ಬಿದ್ದವರ ಬೆನ್ನುಮೂಳೆ, ಸಕ್ಕರೆ ಕಾಯಿಲೆ, ಎಲ್ಲ ಹುಡುಕಿದೆ. ಕೆಲಸದಲ್ಲಿ ಮುಳುಗಿದರೆ ಸಂಜೆಯವರೆಗೆ ನಿನ್ನ ನೆನಪನ್ನು ಹೇಗೋ ತಡೆಯಬಹುದು. ಆಮೇಲೆ ಮನೆಗೆ ಹೋಗಬೇಕಲ್ಲ. ಹಿತ್ತಿಲ ತಂತಿಯ ಮೇಲೆ ನನ್ನವು ಮತ್ತು ಅವ್ವನವು, ಅಷ್ಟೇ ಬಟ್ಟೆ.

ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಯಾರೂ ಇಲ್ಲದಾಗ, ಯಾವ ವಾರ್ಡಿನಿಂದಲೂ ಬಾರದ ಪ್ರಶ್ನೆಯೊಂದನ್ನು ಕೇಳಿದೆ. ಮೂರನೇ ತಿಂಗಳಲ್ಲಿ ಬಸಿರು ಯಾಕೆ ನಿಲ್ಲದೆ ಹೋಗುತ್ತದೆ, ನಮ್ಮದು ಹೋದ ಹಾಗೆ, ಎಂದು. ಸಿ.ಡಿ.ಯಲ್ಲಿದ್ದದ್ದು ಡಾಕ್ಟರುಗಳ ಭಾಷೆ, ನನಗೆ ಅರ್ಧವೂ ತಿಳಿಯಲಿಲ್ಲ. ಹೊಸದರಲ್ಲಿ ಮಾತ್ರ ರೋಗಿಗಳು ಮತ್ತು ಮನೆಯವರು ಓದಲೆಂದೇ ಸರಳವಾಗಿ ಬರೆದ ಪುಟವಿತ್ತು. ದಿನನಿತ್ಯದ ಕೆಲಸ, ಓಡಾಟ, ಪ್ರಯಾಣದಿಂದ ಹೀಗಾಗುವುದಿಲ್ಲ. ಹೆಚ್ಚಿನ ಸಲ ಪಿಂಡ ಶುರುವಿನಲ್ಲೇ ಸರಿಯಾಗಿ ಕೂಡಿಕೊಂಡಿರುವುದಿಲ್ಲ. ತಾಯಿಯ ಮೇಲೆ ತಪ್ಪು ಹೊರಿಸಬೇಡಿ ಎಂದಿತ್ತು. ಮತ್ತೆ ಮತ್ತೆ ಓದಿದೆ. ಸಾಲದೆ ಮಲ್ಲಿಕಾರ್ಜುನಯ್ಯನವರಿಗೆ ತೋರಿಸಿ ಇದು ನಿಜವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು, "ನಿಜ ಕಣಪ್ಪ. ನಿಮ್ಮನೆಯವ್ರಿಗೆ ಇದನ್ನ ಯಾರೂ ಹೇಳಿರಲಿಲ್ವಾ?" ಎಂದರು.

ನೀನು ತುರುವೇಕೆರೆಯ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಿದ್ದರಿಂದಲೇ ಮಗು ಹೋಯಿತು ಎಂದು ಅವ್ವ ಅಕ್ಕಪಕ್ಕದವರ ಮುಂದೆ ಅಂದದ್ದು, ನೀನು ತವರಿಗೆ ಹೋದ ಮೇಲೆ ನನಗೆ ತಿಳಿದದ್ದು. ಅವತ್ತು ಸಂಜೆ ಆ ಪುಟವನ್ನು ಪ್ರಿಂಟ್ ತೆಗೆದುಕೊಂಡು ಹೋಗಿ, ಕನ್ನಡದಲ್ಲಿ ಹೇಳುತ್ತಾ ಅವ್ವನಿಗೆ ಓದಿದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಬದಲಿಗೆ, ಕುರಿ ಹಿಂದೆ ಹೋದರೂ ಏನೂ ಆಗುವುದಿಲ್ಲ ಅಂತ ಅದರಲ್ಲಿ ಬರೆದಿದೆಯಾ ಎಂದು ಕೇಳಿದಳು. ಓಡಾಟ ಅಂದರೆ ಅದೂ ಸೇರಿತು ಎಂದೆ.

"ನಿನಗಿಂತ ಮುಂಚೆ ನಂಗೂ ಎರಡು ಹಿಂಗೇ ಹೋದ್ವು ಕಣ್ಲಾ," ಎಂದಳು. "ಕುರಿ ಹಿಂದೆ ತಿರುಗಿ ಕಳ್ಕೊಂಡ್ಲು ಅಂತ ನಮ್ಮತ್ತೆ ಅಂದ್ಲು. ನಾನೂ ಹಂಗೇ ಅನ್ಕೊಂಡೇ ಬದುಕಿದೆ."

ನನಗೆ ಇದು ಗೊತ್ತೇ ಇರಲಿಲ್ಲ ವನಜಾ. ಮರುದಿನ ಬೆಳಿಗ್ಗೆ ಎದ್ದವಳೇ ನಿಮ್ಮ ಹಂದನಕೆರೆ ಕಡೆಗೆ ಯಾವ ಬಸ್ಸು ಎಂದು ಕೇಳಿದಳು. ಬರುವ ಭಾನುವಾರ ಇಬ್ಬರೂ ಬರುತ್ತೇವೆ. ನಿನ್ನ ಹತ್ತಿರ ಅವಳೇ ಮಾತಾಡಬೇಕಂತೆ, ನಾನು ನಡುವೆ ಬಾಯಿ ಹಾಕಬಾರದಂತೆ. ಆಮೇಲೆ ನಮ್ಮ ಜೊತೆ ಬರುವುದು ಬಿಡುವುದು ನಿನ್ನ ಮನಸ್ಸು. ಬಂದರೆ ಕೆಲಸಕ್ಕೂ ಹೋಗು.

ಮೊನ್ನೆ ಮೀಟಿಂಗಿನಲ್ಲಿ ಯಾವುದು ಬೇಕು ಎಂದು ನನ್ನನ್ನೂ ಕೇಳಿದರು. ಲೈನು ಹೋದಾಗ ನೋಡಲು ಹಳೆಯ ಸಿ.ಡಿ. ಕಪಾಟಿನಲ್ಲಿರಲಿ, ಆದರೆ ಮನೆಯವರಿಗೂ ತಿಳಿಯುವ ಹಾಗೆ ಹೇಳುವುದು ಹೊಸದೊಂದೇ ಎಂದೆ. ಯಾಕೆ ಹಾಗಂದೆ ಎನ್ನುವುದು ಮಲ್ಲಿಕಾರ್ಜುನಯ್ಯನವರಿಗೆ ಅರ್ಥವಾಗಿರಬೇಕು, ಅವರೂ ಒಪ್ಪಿದರು. ಇನ್ನು ಡಾಕ್ಟರುಗಳ ಕೋಣೆಯಲ್ಲೇ ಕಂಪ್ಯೂಟರ್ ಇಡುತ್ತಾರೆ, ಲೈಬ್ರರಿಗೆ ಬರುವವರು ಕಡಿಮೆಯಾಗುತ್ತಾರೆ. ಆಗ ಹೊತ್ತು ಕಳೆಯುವುದು ಹೇಗೋ, ನೀನೂ ಇಲ್ಲದಿದ್ದರೆ.

ಅತ್ತೆ, ಮಾವನಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನವನೇ ಆದ
ಈರೇಶ್

ತಾ.ಕ.: ಆ ಪುಟದ ಕೊನೆಯಲ್ಲಿ ತಂದೆಯಾದವನ ಬಗ್ಗೆಯೂ ಎರಡು ಸಾಲಿದ್ದವು, ಅವನ ದುಃಖವನ್ನೂ ವಿಚಾರಿಸಿ ಎಂದು. ಅವನ್ನು ಅವ್ವನಿಗೆ ಓದಲಾಗಲಿಲ್ಲ. ಮಗು ಹೋದಾಗ ನೋಡಲು ಬಂದವರೆಲ್ಲ ವನಜಾ ಹೇಗಿದ್ದಾಳೆ ಎಂದು ನನ್ನನ್ನು ವಿಚಾರಿಸಿದರು, ಕಾಫಿ ಕೊಟ್ಟು ಕಳಿಸಿದೆ. ನಾನು ಹೇಗಿದ್ದೇನೆ ಎಂದು ಯಾರೂ ಕೇಳಲಿಲ್ಲ. ಹೆಣ್ಣುಮಗು ಅಂತಲೇ ನನ್ನ ಮನಸ್ಸಿನಲ್ಲಿತ್ತು, ನಿನಗೂ ಹೇಳಿರಲಿಲ್ಲ. ಲೈಬ್ರರಿಯಲ್ಲಿ ಒಬ್ಬನೇ ಇರುವಾಗ ಅವಳ ಜೊತೆ ಮಾತಾಡುತ್ತಿದ್ದೆ. ಈಗಲೂ ಒಮ್ಮೊಮ್ಮೆ ಮಾತು ಶುರುಮಾಡಿ, ನೆನಪಾಗಿ, ನಿಲ್ಲಿಸುತ್ತೇನೆ.